ನಾಲಿಗೆಯ ಬಿಳುಪು ಹೇಳುವ ಮಾತು

"ಡಾಕ್ಟ್ರೇ, ಇವಳಿಗೆ ವಿಪರೀತ ಉಷ್ಣ. ಬಾಯಿಯೊಳಗೆಲ್ಲ ಬೆಂದು ಹೋದ ಹಾಗೆ ಆಗಿದೆ. ಒಂದು ತುತ್ತು ಗಂಜಿಯೂ ಇಳಿಯುವುದಿಲ್ಲ."

ಹೀಗೆನ್ನುತ್ತಾ ಆ ಹಿರಿಯ ಮಹಿಳೆ ತನ್ನ ಸೊಸೆಯನ್ನು ನನ್ನ ಎದುರಿನ ಕುರ್ಚಿಯಲ್ಲಿ ಕುಳ್ಳಿರಿಸಿದರು. ಎಳನೀರು, ಮೆಂತೆ ನೀರು, ಜೀರಿಗೆ ಕಷಾಯ ಎಲ್ಲವೂ ಆಗಿತ್ತು. ಪರಿಚಯದ ಔಷಧಿ ಅಂಗಡಿಯಿಂದ ತಂದ ವಿಟಮಿನ್ ಮಾತ್ರೆಗಳೂ ಮುಗಿದಿದ್ದವು. ಯಾರೋ ಓದಿ ಊದಿಕೊಟ್ಟ ನೀರನ್ನೂ ಕುಡಿಸಿದ್ದರು. ಮೂರು ವಾರ ಕಳೆದಿದ್ದರೂ ಬಾಯಿ ಮಾತ್ರ ಗುಣವಾಗಿರಲಿಲ್ಲ.

ಬಾಯಿ ತೆರೆಯಲು ಹೇಳಿ ಟಾರ್ಚ್ ಹಿಡಿದೆ. ನಾಲಿಗೆ, ಕೆನ್ನೆಯ ಒಳಭಾಗ, ಅಂಗಳದ ಮೇಲೆಲ್ಲ ಮೊಸರು ಮೆತ್ತಿದಂತೆ ಬಿಳಿ ಪದರ. ಹತ್ತಿಯಿಂದ ಮೆಲ್ಲನೆ ಒರೆಸಿದಾಗ ಅದು ಕಿತ್ತು ಬಂತು. ಅಡಿಯಲ್ಲಿ ಕೆಂಪಗಿನ ಹಸಿ ಗಾಯ. ನುಂಗುವಾಗ ಎದೆಯ ನಡುವೆ ನೋಯುತ್ತದೆಯೇ ಎಂದು ಕೇಳಿದೆ. ಹೌದೆಂದು ತಲೆಯಾಡಿಸಿದಳು. ಪರೀಕ್ಷೆ ಮಾಡಲಿಕ್ಕಿದೆ ಎಂದು ಹೇಳಿ ಅತ್ತೆಯನ್ನು ಸ್ವಲ್ಪ ಹೊತ್ತು ಹೊರಗೆ ಕುಳಿತುಕೊಳ್ಳುವಂತೆ ವಿನಂತಿಸಿದೆ. ಬಾಗಿಲು ಮುಚ್ಚಿದ್ದೇ ತಡ, ಆಕೆಯ ಕಣ್ಣು ತುಂಬಿ ಬಂತು.

"ಡಾಕ್ಟರ್, ನನಗೆ ಆ ಕಾಯಿಲೆ ಇದೆ. ಅತ್ತೆಗೆ ಗೊತ್ತಿಲ್ಲ. ನಾದಿನಿಯ ಮದುವೆಗೆ ಮನೆ ತುಂಬ ನೆಂಟರು ಬಂದಿದ್ದರು. ಮಾತ್ರೆ ಯಾರ ಕಣ್ಣಿಗಾದರೂ ಬಿದ್ದರೆ ಎಂದು ಹೆದರಿ ನಿಲ್ಲಿಸಿದೆ. ಆಮೇಲೆ ಮತ್ತೆ ಹೋಗಿ ತರಲು ಧೈರ್ಯ ಬರಲಿಲ್ಲ. ಏಳು ತಿಂಗಳಾಯಿತು."

ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಈ ಘಟನೆಯನ್ನು ಇಲ್ಲಿ ಬರೆದಿದ್ದೇನೆ. ಆಕೆಗೆ ಆಗಿದ್ದು ಉಷ್ಣವಲ್ಲ, ಶಿಲೀಂಧ್ರದ ಸೋಂಕು. ನಮ್ಮ ಮಾತಿನಲ್ಲಿ ಹೇಳುವುದಾದರೆ ಬೂಷ್ಟು.

ಬೂಷ್ಟಿಗೆ ಬಾಗಿಲು ತೆರೆದವರು ಯಾರು?

ಮಳೆಗಾಲದಲ್ಲಿ ಉಪ್ಪಿನಕಾಯಿ ಭರಣಿಯ ಬಾಯಿಗೆ, ಒಣಗದ ಚಪ್ಪಲಿಗೆ ಬೂಷ್ಟು ಹಿಡಿಯುವುದನ್ನು ನಾವೆಲ್ಲ ಕಂಡಿದ್ದೇವೆ. ಅದೇ ವರ್ಗಕ್ಕೆ ಸೇರಿದ ಅನೇಕ ಶಿಲೀಂಧ್ರಗಳು ನಮ್ಮ ಸುತ್ತಲೂ ಇವೆ, ನಮ್ಮ ಶರೀರದ ಮೇಲೂ ಇವೆ. ಕ್ಯಾಂಡಿಡಾ ಎಂಬ ಶಿಲೀಂಧ್ರವು ಆರೋಗ್ಯವಂತರಾದ ಅನೇಕರ ಬಾಯಿ ಮತ್ತು ಕರುಳಿನಲ್ಲಿ ಯಾವ ತೊಂದರೆಯೂ ಕೊಡದೆ ವಾಸಿಸುತ್ತದೆ. ನಮ್ಮ ರೋಗನಿರೋಧಕ ಶಕ್ತಿ ಅದನ್ನು ಮಿತಿಯಲ್ಲಿಟ್ಟಿರುತ್ತದೆ. ಅಲ್ಲಾಹನು ನಮ್ಮೊಳಗೆ ಇಟ್ಟಿರುವ ಈ ಕಾವಲುಗಾರರಲ್ಲಿ ಸಿಡಿ4 ಎಂಬ ಬಿಳಿ ರಕ್ತಕಣಗಳು ಬಹಳ ಮುಖ್ಯವಾದವು. ಎಚ್‌ಐವಿ ವೈರಸ್ ನಾಶ ಮಾಡುವುದು ಇವುಗಳನ್ನೇ.

ಆರೋಗ್ಯವಂತರಲ್ಲಿ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸಾಮಾನ್ಯವಾಗಿ 500ರಿಂದ 1500ರಷ್ಟು ಸಿಡಿ4 ಕಣಗಳಿರುತ್ತವೆ. ಚಿಕಿತ್ಸೆಯಿಲ್ಲದ ಎಚ್‌ಐವಿಯಲ್ಲಿ ಈ ಸಂಖ್ಯೆ ವರ್ಷ ವರ್ಷವೂ ಇಳಿಯುತ್ತಾ ಹೋಗುತ್ತದೆ. 200ಕ್ಕಿಂತ ಕೆಳಗಿಳಿದರೆ ಅದನ್ನು ಮುಂದುವರಿದ ಹಂತವೆಂದು ಪರಿಗಣಿಸುತ್ತಾರೆ. ಕಾವಲು ಸಡಿಲವಾದಾಗ ಬಾಯಿಯಲ್ಲಿ ಸುಮ್ಮನಿದ್ದ ಶಿಲೀಂಧ್ರ ಬೆಳೆಯತೊಡಗುತ್ತದೆ. ಅನ್ನನಾಳಕ್ಕೆ ಇಳಿದರೆ ನುಂಗಲು ನೋವಾಗುತ್ತದೆ. ಊಟ ಬಿಟ್ಟು ರೋಗಿ ದಿನದಿಂದ ದಿನಕ್ಕೆ ಕೃಶವಾಗುತ್ತಾರೆ.

ಏಡ್ಸ್ ಎಂಬ ರೋಗ ಜಗತ್ತಿಗೆ ತಿಳಿದದ್ದೇ ಇಂತಹ ಸೋಂಕುಗಳ ಮೂಲಕ. 1981ರ ಜೂನ್ 5ರಂದು ಅಮೆರಿಕದ ಆರೋಗ್ಯ ಇಲಾಖೆಯ ವಾರಪತ್ರಿಕೆಯಲ್ಲಿ ಲಾಸ್ ಏಂಜಲೀಸಿನ ಐವರು ಯುವಕರ ಬಗ್ಗೆ ಒಂದು ಸಣ್ಣ ವರದಿ ಪ್ರಕಟವಾಯಿತು. ಅವರಿಗೆ ನ್ಯುಮೋಸಿಸ್ಟಿಸ್ ಎಂಬ ಅಪರೂಪದ ನ್ಯುಮೋನಿಯಾ ಬಂದಿತ್ತು. ಐವರಲ್ಲೂ ಕ್ಯಾಂಡಿಡಾ ಸೋಂಕು ಇತ್ತು. ಆ ನ್ಯುಮೋನಿಯಾಕ್ಕೆ ಕಾರಣವಾದ ಜೀವಿಯೂ ಒಂದು ಶಿಲೀಂಧ್ರವೇ ಎಂಬುದು ನಂತರದ ಸಂಶೋಧನೆಗಳಿಂದ ಗೊತ್ತಾಯಿತು. ಎಚ್‌ಐವಿ ಎಂಬ ಹೆಸರು ಹುಟ್ಟುವುದಕ್ಕೂ ಮೊದಲೇ ಶಿಲೀಂಧ್ರಗಳು ಎಚ್ಚರಿಕೆಯ ಗಂಟೆ ಬಾರಿಸಿದ್ದವು. ಇಂದಿಗೂ ಅವು ಅದೇ ಕೆಲಸ ಮಾಡುತ್ತಿವೆ. ಕೇಳಿಸಿಕೊಳ್ಳುವ ಕಿವಿ ನಮಗಿರಬೇಕು ಅಷ್ಟೆ.

ಎಲ್ಲ ಬಿಳುಪೂ ಎಚ್‌ಐವಿ ಅಲ್ಲ

ಇಷ್ಟು ಓದಿದ ಕೂಡಲೇ ಕನ್ನಡಿಯ ಮುಂದೆ ನಿಂತು ನಾಲಿಗೆ ಚಾಚಿ ಗಾಬರಿಯಾಗಬೇಡಿ. ಹಾಲು ಕುಡಿಯುವ ಹಸುಳೆಗಳ ಬಾಯಿಯಲ್ಲಿ ಇಂತಹ ಬಿಳಿ ಪದರ ಕಾಣುವುದು ಸಾಮಾನ್ಯ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೆ, ಆಂಟಿಬಯೋಟಿಕ್ ಸೇವಿಸಿದವರಿಗೆ, ಕಟ್ಟಿಸಿದ ಹಲ್ಲಿನ ಸೆಟ್ಟನ್ನು ರಾತ್ರಿಯೂ ತೆಗೆಯದ ಹಿರಿಯರಿಗೆ, ಉಬ್ಬಸಕ್ಕೆ ಸ್ಟೀರಾಯ್ಡ್ ಇನ್‌ಹೇಲರ್ ಎಳೆದು ಬಾಯಿ ಮುಕ್ಕಳಿಸದವರಿಗೆ ಕೂಡ ಇದು ಬರುತ್ತದೆ. ಸ್ತ್ರೀಯರಿಗೆ ತುರಿಕೆಯೊಂದಿಗೆ ಮೊಸರಿನಂತಹ ಬಿಳುಪು ಹೋಗುವುದೂ ಹೆಚ್ಚಾಗಿ ಇದೇ ಕ್ಯಾಂಡಿಡಾದಿಂದ. ಎಚ್‌ಐವಿ ಇಲ್ಲದ ಅಸಂಖ್ಯ ಮಹಿಳೆಯರಿಗೆ, ವಿಶೇಷವಾಗಿ ಗರ್ಭಿಣಿಯರಿಗೆ, ಈ ತೊಂದರೆ ಬರುತ್ತದೆ. ಆದ್ದರಿಂದ ಇಂತಹ ತೊಂದರೆ ಇರುವವರನ್ನು ಕಂಡು ಬೇರೇನನ್ನೋ ಊಹಿಸಿ ಮಾತಾಡುವುದು ತಪ್ಪು ಮಾತ್ರವಲ್ಲ, ಪಾಪವೂ ಹೌದು.

ಆದರೆ ಮೇಲೆ ಹೇಳಿದ ಯಾವ ಕಾರಣವೂ ಇಲ್ಲದೆ ವಯಸ್ಕರ ಬಾಯಿಯಲ್ಲಿ ಬಿಳಿ ಪದರ ಕಾಣಿಸಿದರೆ, ಔಷಧಿ ಮಾಡಿದರೂ ಮರುಕಳಿಸುತ್ತಿದ್ದರೆ, ನುಂಗಲು ನೋವಿದ್ದರೆ, ತೂಕ ಇಳಿಯುತ್ತಿದ್ದರೆ ರಕ್ತ ಪರೀಕ್ಷೆ ಮಾಡಿಸಲೇಬೇಕು. ಸಕ್ಕರೆಗೂ, ಎಚ್‌ಐವಿಗೂ.

ಬಾಯಿಯ ಸೋಂಕಿಗೆ ಒಳ್ಳೆಯ ಔಷಧಿಗಳಿವೆ. ಸೌಮ್ಯವಾಗಿದ್ದರೆ ಬಾಯಿಗೆ ಹಚ್ಚುವ ಔಷಧಿ ಸಾಕಾಗಬಹುದು. ಎಚ್‌ಐವಿ ಇರುವವರಿಗೆ ಹೆಚ್ಚಾಗಿ ಫ್ಲುಕೊನಜೋಲ್ ಮಾತ್ರೆಯನ್ನು ಒಂದೆರಡು ವಾರ ಕೊಡುತ್ತಾರೆ. ಅನ್ನನಾಳಕ್ಕೆ ಇಳಿದಿದ್ದರೆ ಎರಡರಿಂದ ಮೂರು ವಾರ ಬೇಕು. ಕೆಲವೇ ದಿನಗಳಲ್ಲಿ ಆರಾಮವೆನಿಸುತ್ತದೆ. ಆಗ ಅರ್ಧಕ್ಕೆ ಬಿಡಬಾರದು. ಈ ಮಾತ್ರೆಯನ್ನು ನೀವಾಗಿಯೇ ಅಂಗಡಿಯಿಂದ ತಂದು ನುಂಗಲೂಬಾರದು. ಗರ್ಭಿಣಿಯರು ಇದರಿಂದ ದೂರವಿರಬೇಕಾಗುತ್ತದೆ. ಕ್ಷಯರೋಗದ ಕೆಲವು ಮಾತ್ರೆಗಳೊಂದಿಗೆ ಇದರ ಶಕ್ತಿ ಕುಂದುತ್ತದೆ. ಜೇನು, ಕರಿಜೀರಿಗೆಯ ಮೇಲೆ ನಮ್ಮ ಮನೆಗಳಲ್ಲಿ ಗೌರವವಿದೆ. ಅದು ಇರಲಿ. ಆದರೆ ಅದು ಈ ಔಷಧಿಗೆ ಬದಲಿಯಲ್ಲ. ಒಂದು ವರ್ಷ ತುಂಬದ ಮಗುವಿನ ಬಾಯಿಗಂತೂ ಜೇನು ಸವರಲೇಬಾರದು.

ತಲೆನೋವನ್ನು ಹಗುರವಾಗಿ ಕಾಣಬೇಡಿ

ಬಾಯಿಯ ಬೂಷ್ಟು ಕಣ್ಣಿಗೆ ಕಾಣುತ್ತದೆ. ಕಾಣದೆ ಕೊಲ್ಲುವ ಇನ್ನೊಂದಿದೆ. ಅದರ ಹೆಸರು ಕ್ರಿಪ್ಟೊಕಾಕಸ್. ಮಣ್ಣಿನಲ್ಲಿ, ಹಕ್ಕಿಗಳ, ಅದರಲ್ಲೂ ಪಾರಿವಾಳದ ಹಿಕ್ಕೆಯಲ್ಲಿ ಇದು ಇರುತ್ತದೆ. ಒಣಗಿದ ಧೂಳಿನೊಂದಿಗೆ ಉಸಿರಿನ ಮೂಲಕ ನಮ್ಮೆಲ್ಲರ ಶ್ವಾಸಕೋಶವನ್ನು ಸೇರಬಹುದು. ಆರೋಗ್ಯವಂತರಲ್ಲಿ ಅದು ಅಲ್ಲೇ ಅಡಗುತ್ತದೆ. ಸಿಡಿ4 ಕಣಗಳು 100ಕ್ಕಿಂತ ಕೆಳಗಿಳಿದವರಲ್ಲಿ ಮಾತ್ರ ಅದು ರಕ್ತದ ಮೂಲಕ ಮಿದುಳಿನ ಪೊರೆಯನ್ನು ತಲುಪುವ ಅಪಾಯ ಬಹಳ ಹೆಚ್ಚು. ಇದು ಒಬ್ಬರಿಂದ ಒಬ್ಬರಿಗೆ ಹರಡುವ ರೋಗವಲ್ಲ. 2020ರ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1,52,000 ಎಚ್‌ಐವಿ ಸೋಂಕಿತರಿಗೆ ಈ ಮಿದುಳು ಪೊರೆಯ ಉರಿಯೂತ ಬರುತ್ತದೆ. ಅವರಲ್ಲಿ ಸುಮಾರು 1,12,000 ಮಂದಿ ಸಾಯುತ್ತಾರೆ. ಏಡ್ಸ್‌ನಿಂದಾಗುವ ಸಾವುಗಳಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಂದು ಇದರಿಂದಲೇ.

ಮೊದಲ ಲಕ್ಷಣ ಬರೀ ತಲೆನೋವು. ಒಂದೆರಡು ದಿನದ್ದಲ್ಲ, ವಾರಗಟ್ಟಲೆ ಬಿಡದೆ ಕಾಡುವ, ದಿನೇ ದಿನೇ ಹೆಚ್ಚುವ ತಲೆನೋವು. ಜೊತೆಗೆ ಸಣ್ಣ ಜ್ವರ, ವಾಂತಿ, ಬೆಳಕು ಸಹಿಸಲಾಗದಿರುವುದು, ಒಂದು ವಸ್ತು ಎರಡಾಗಿ ಕಾಣುವುದು. ಕೆಲವರ ಸ್ವಭಾವವೇ ಬದಲಾಗುತ್ತದೆ. ಮಾತು ತಡವರಿಸುತ್ತದೆ, ಮಂಕಾಗಿ ಕುಳಿತುಬಿಡುತ್ತಾರೆ. ಆಗ ಮನೆಯವರು ಕಣ್ಣುದೃಷ್ಟಿ ಎನ್ನುತ್ತಾರೆ, ಜಿನ್ನ್ ಸೋಕಿದೆ ಎನ್ನುತ್ತಾರೆ. ದಿನಗಳು ಕೈಜಾರಿ ಹೋಗುತ್ತವೆ.

ನನ್ನಲ್ಲಿಗೆ ಬಂದಿದ್ದ ಒಬ್ಬ ಯುವಕನನ್ನು ನಾನು ಮರೆತಿಲ್ಲ. ಮೂರು ವಾರಗಳ ತಲೆನೋವು. ಎಚ್‌ಐವಿ ಇರುವುದು ಆತನಿಗೂ ಆತನ ಅಣ್ಣನಿಗೂ ಮಾತ್ರ ಗೊತ್ತಿತ್ತು. ಕೂಡಲೇ ದೊಡ್ಡ ಆಸ್ಪತ್ರೆಗೆ ಕಳುಹಿಸಿದೆ. ಅಲ್ಲಿನ ವೈದ್ಯರು ಬೆನ್ನಿನಿಂದ ನೀರು ತೆಗೆದು ಪರೀಕ್ಷಿಸಬೇಕೆಂದರು. ಬೆನ್ನಿಗೆ ಸೂಜಿ ಹಾಕಿದರೆ ಸೊಂಟದ ಕೆಳಗೆ ಬಲವಿಲ್ಲದಾಗುತ್ತದೆ ಎಂದು ನೆಂಟರೊಬ್ಬರು ಹೇಳಿದರಂತೆ. ಮನೆಯವರು ಸಹಿ ಹಾಕಿ ಆತನನ್ನು ಕರೆತಂದರು. ಒಂಬತ್ತನೆಯ ದಿನ ಆತ ತೀರಿಕೊಂಡ. ಜನಾಝಕ್ಕೆ ಊರೇ ಸೇರಿತ್ತು. ಬದುಕಿದ್ದಾಗ ಆತನ ಕಾಯಿಲೆಯ ಹೆಸರು ಹೇಳಿಕೊಳ್ಳಲು ಆತನಿಗೆ ಅಣ್ಣನ ಹೊರತು ಇನ್ನೊಬ್ಬರು ಇರಲಿಲ್ಲ.

ಬೆನ್ನಿನ ನೀರಿನ ಭಯ

ಈ ಭಯವನ್ನು ಬಿಡಿಸುವುದು ಅಗತ್ಯ. ಮಿದುಳು ಮತ್ತು ಬೆನ್ನುಹುರಿಯ ಸುತ್ತ ಒಂದು ತಿಳಿನೀರು ಇರುತ್ತದೆ. ಸೂಜಿ ಹಾಕುವುದು ಬೆನ್ನುಹುರಿ ಮುಗಿದ ಬಳಿಕದ ಕೆಳಭಾಗಕ್ಕೆ. ಹೆರಿಗೆಯ ಆಪರೇಶನ್‌ನಲ್ಲಿ ಮರಗಟ್ಟಿಸುವ ಇಂಜೆಕ್ಷನ್ ಕೊಡುವುದೂ ಅದೇ ಭಾಗಕ್ಕೆ. ನಮ್ಮಲ್ಲಿ ಎಷ್ಟೋ ತಾಯಂದಿರು ಅದನ್ನು ಪಡೆದು ಮರುದಿನ ಎದ್ದು ನಡೆದಿದ್ದಾರೆ. ಕ್ರಿಪ್ಟೊಕಾಕಸ್ ಕಾಯಿಲೆಯಲ್ಲಿ ಈ ನೀರಿನ ಒತ್ತಡ ತೀರಾ ಏರುತ್ತದೆ. ತಲೆ ಸಿಡಿಯುವುದು, ದೃಷ್ಟಿ ಮಂದವಾಗುವುದು ಅದರಿಂದಲೇ. ನೀರು ತೆಗೆದರೆ ಒತ್ತಡ ಇಳಿಯುತ್ತದೆ. ಆದ್ದರಿಂದ ಇಲ್ಲಿ ನೀರು ತೆಗೆಯುವುದು ಬರೀ ಪರೀಕ್ಷೆಯಲ್ಲ, ಅದೇ ಒಂದು ಚಿಕಿತ್ಸೆ. ಕೆಲವೊಮ್ಮೆ ದಿನಾಲೂ ತೆಗೆಯಬೇಕಾಗುತ್ತದೆ. ಯಾರಿಗೆ ಯಾವಾಗ ತೆಗೆಯಬಹುದೆಂಬುದನ್ನು ವೈದ್ಯರು ನೋಡಿಯೇ ನಿರ್ಧರಿಸುತ್ತಾರೆ.

ಚಿಕಿತ್ಸೆಯೂ ಈಗ ಸುಧಾರಿಸಿದೆ. 2021ರಲ್ಲಿ ಕೋವಿಡ್ ಬಳಿಕ ಕಾಡಿದ ಕಪ್ಪು ಶಿಲೀಂಧ್ರದ ದಿನಗಳಲ್ಲಿ ಆಂಫೊಟೆರಿಸಿನ್ ಎಂಬ ಇಂಜೆಕ್ಷನ್‌ಗಾಗಿ ಜನರು ಪರದಾಡಿದ್ದು ನಿಮಗೆ ನೆನಪಿರಬಹುದು. ಆ ಶಿಲೀಂಧ್ರ ಬೇರೆ, ಇದು ಬೇರೆ. ಔಷಧಿ ಮಾತ್ರ ಅದೇ. ಆಫ್ರಿಕಾದ ಐದು ದೇಶಗಳಲ್ಲಿ ನಡೆದ ಅಧ್ಯಯನದ ಆಧಾರದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಸರಳವಾದ ವಿಧಾನವನ್ನು ಶಿಫಾರಸು ಮಾಡಿತು. ಲೈಪೋಸೋಮಲ್ ಆಂಫೊಟೆರಿಸಿನ್ ಅನ್ನು ಒಂದೇ ಒಂದು ದೊಡ್ಡ ಪ್ರಮಾಣದಲ್ಲಿ ಡ್ರಿಪ್ ಮೂಲಕ ಕೊಟ್ಟು, ಜೊತೆಗೆ ಎರಡು ವಾರ ಫ್ಲೂಸೈಟೊಸಿನ್ ಮತ್ತು ಫ್ಲುಕೊನಜೋಲ್ ಮಾತ್ರೆಗಳನ್ನು ಕೊಡುವುದು. ನಂತರವೂ ಫ್ಲುಕೊನಜೋಲ್ ಅನ್ನು ಕನಿಷ್ಠ ಒಂದು ವರ್ಷ, ಸಿಡಿ4 ಏರುವ ತನಕ ಮುಂದುವರಿಸಬೇಕು.

ಇದಕ್ಕಿಂತಲೂ ಸಂತೋಷದ ವಿಷಯವೆಂದರೆ, ತಲೆನೋವು ಶುರುವಾಗುವ ಮೊದಲೇ ಇದನ್ನು ಹಿಡಿಯಬಹುದು. ಈ ಶಿಲೀಂಧ್ರದ ಅಂಶ ವಾರಗಳ ಮುಂಚೆಯೇ ರಕ್ತದಲ್ಲಿ ಕಾಣಿಸುತ್ತದೆ. ಒಂದು ಹನಿ ರಕ್ತವಿದ್ದರೆ ಸಾಕು, ಗರ್ಭ ಪರೀಕ್ಷೆಯ ಪಟ್ಟಿಯಂತಹ ಪಟ್ಟಿಯಲ್ಲಿ ಹತ್ತು ನಿಮಿಷದಲ್ಲಿ ಫಲಿತಾಂಶ ಗೊತ್ತಾಗುತ್ತದೆ. ಸಿಡಿ4 ಕಡಿಮೆಯಿದ್ದವರು 'ಕ್ರಿಪ್ಟೊಕಾಕಲ್ ಆಂಟಿಜೆನ್ ಪರೀಕ್ಷೆ ಬೇಕೇ?' ಎಂದು ತಮ್ಮ ವೈದ್ಯರಲ್ಲಿ ಕೇಳಲು ಹಿಂಜರಿಯಬಾರದು.

ಉಸಿರು ಮತ್ತು ಚರ್ಮ

1981ರಲ್ಲಿ ಕಂಡ ಆ ನ್ಯುಮೋನಿಯಾ ಇಂದಿಗೂ ಇದೆ. ಒಣಕೆಮ್ಮು, ಜ್ವರ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಇವು ಕ್ಷಯದ ಲಕ್ಷಣಗಳೂ ಆಗಬಹುದಾದ್ದರಿಂದ ಎರಡನ್ನೂ ಪರೀಕ್ಷಿಸಬೇಕಾಗುತ್ತದೆ. ಈ ನ್ಯುಮೋನಿಯಾ ಬಾರದಂತೆ ತಡೆಯಲು ಕೋಟ್ರೈಮೊಕ್ಸಜೋಲ್ ಎಂಬ ಅಗ್ಗದ ಮಾತ್ರೆ ಸಾಕು. ಸಿಡಿ4 ಕಡಿಮೆ ಇರುವವರೆಗೆ ಅದನ್ನು ದಿನಾಲೂ ಕೊಡುತ್ತಾರೆ. 'ಇದೊಂದು ಯಾಕೆ ಹೆಚ್ಚಿನ ಮಾತ್ರೆ' ಎಂದು ಅದನ್ನು ಬಿಡಬೇಡಿ.

ಗಜಕರ್ಣ, ಉಗುರಿನ ಬೂಷ್ಟು, ಕಾಲ್ಬೆರಳ ಸಂದಿನ ಹುಣ್ಣು ಯಾರಿಗೂ ಬರುತ್ತದೆ. ಎಚ್‌ಐವಿ ಇರುವವರಲ್ಲಿ ಅದು ಬೇಗ ಹಬ್ಬುತ್ತದೆ, ಬಿಡದೆ ಕಾಡುತ್ತದೆ. ಅಂಗಡಿಯಲ್ಲಿ ಸಿಗುವ ಸ್ಟೀರಾಯ್ಡ್ ಬೆರೆತ ಮುಲಾಮು ತುರಿಕೆಯನ್ನು ಅಡಗಿಸಿ ಸೋಂಕನ್ನು ಬೆಳೆಸುತ್ತದೆ. ವುಝೂ ಮಾಡಿದ ಮೇಲೆ ಬೆರಳ ಸಂದುಗಳನ್ನು ಒಣಬಟ್ಟೆಯಿಂದ ಒರೆಸಿಕೊಳ್ಳುವುದು, ಬೆವರಿನಲ್ಲಿ ಒದ್ದೆಯಾದ ಬಟ್ಟೆಯನ್ನು ಬದಲಿಸುವುದು ಒಳ್ಳೆಯ ಅಭ್ಯಾಸ. ಮುಖದ ಮೇಲೆ ನಡುವೆ ಕುಳಿಯಿರುವ ಗುಳ್ಳೆಗಳು ಒಮ್ಮೆಲೇ ಎದ್ದರೆ, ಜೊತೆಗೆ ಜ್ವರವೂ ಇದ್ದರೆ, ಮೊಡವೆಯೆಂದು ಸುಮ್ಮನಿರಬೇಡಿ. ಒಳಗಿನ ಶಿಲೀಂಧ್ರ ಸೋಂಕು ಹಾಗೂ ಕಾಣಿಸಿಕೊಳ್ಳುವುದುಂಟು.

ಮಾತ್ರೆ ನಿಂತುಹೋಗಿದ್ದರೆ

ಶಿಲೀಂಧ್ರಕ್ಕೆ ಎಷ್ಟೇ ಔಷಧಿ ಕೊಟ್ಟರೂ ಎಚ್‌ಐವಿಯ ಚಿಕಿತ್ಸೆ ನಡೆಯದಿದ್ದರೆ ಅದು ಮತ್ತೆ ಬರುತ್ತದೆ. ನಮ್ಮ ದೇಶದಲ್ಲಿ 2004ರ ಎಪ್ರಿಲ್ 1ರಿಂದ ಎ.ಆರ್.ಟಿ. ಕೇಂದ್ರಗಳಲ್ಲಿ ಸರಕಾರವೇ ಔಷಧಿಯನ್ನು ಉಚಿತವಾಗಿ ಕೊಡುತ್ತಿದೆ. 2017ರಿಂದ ಸಿಡಿ4 ಎಷ್ಟೇ ಇರಲಿ, ಸೋಂಕು ಪತ್ತೆಯಾದ ಎಲ್ಲರಿಗೂ ಚಿಕಿತ್ಸೆ ದೊರೆಯುತ್ತದೆ. ಈಗ ಹೆಚ್ಚಿನವರಿಗೆ ದಿನಕ್ಕೆ ಒಂದೇ ಮಾತ್ರೆ. ತಪ್ಪದೆ ಸೇವಿಸಿ ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದು ಅಲ್ಲೇ ಉಳಿದವರಿಂದ ಪತಿಗಾಗಲಿ, ಪತ್ನಿಗಾಗಲಿ ಲೈಂಗಿಕ ಸಂಪರ್ಕದಿಂದ ಸೋಂಕು ಹರಡುವುದಿಲ್ಲ.

ಮಾತ್ರೆ ಬಿಟ್ಟವರು ಮನೆಯಲ್ಲಿ ಉಳಿದಿರುವ ಹಳೆಯ ಡಬ್ಬಿಯಿಂದ ತಾವಾಗಿಯೇ ಮತ್ತೆ ಶುರುಮಾಡಬಾರದು. ಮೊದಲು ಕೇಂದ್ರಕ್ಕೆ ಹೋಗಿ ನಡೆದದ್ದನ್ನು ಹೇಳಬೇಕು. ತಲೆನೋವು, ಜ್ವರವಿದ್ದರೆ ಇದು ಇನ್ನೂ ಮುಖ್ಯ. ಮಿದುಳಿನಲ್ಲಿ ಕ್ರಿಪ್ಟೊಕಾಕಸ್ ಇದ್ದಾಗ ಎಚ್‌ಐವಿ ಮಾತ್ರೆಯನ್ನು ಒಮ್ಮೆಲೇ ಶುರುಮಾಡಿದರೆ ಮರಳಿ ಬರುವ ನಿರೋಧಕ ಶಕ್ತಿಯೇ ಮಿದುಳಿನಲ್ಲಿ ಉರಿಯೂತ ಹೆಚ್ಚಿಸಿ ಪ್ರಾಣಕ್ಕೆ ಎರವಾಗಬಹುದು. ಆದ್ದರಿಂದ ಮೊದಲು ಶಿಲೀಂಧ್ರದ ಚಿಕಿತ್ಸೆ ನಡೆಸಿ, ನಾಲ್ಕರಿಂದ ಆರು ವಾರಗಳ ಬಳಿಕ ಆ ಮಾತ್ರೆ ಕೊಡುತ್ತಾರೆ. ವೈದ್ಯರು ತಡಮಾಡುತ್ತಿದ್ದಾರೆ ಎಂದು ಆಗ ಮನೆಯವರು ತಪ್ಪು ತಿಳಿಯಬಾರದು.

ರಮಝಾನಿನಲ್ಲಿ ಉಪವಾಸದ ನೆಪದಲ್ಲಿ ಮಾತ್ರೆ ಬಿಡುವವರಿದ್ದಾರೆ. ದಿನಕ್ಕೊಂದು ಮಾತ್ರೆಯ ಸಮಯವನ್ನು ಇಫ್ತಾರ್ ಅಥವಾ ಸಹರಿಗೆ ಹೊಂದಿಸಿಕೊಳ್ಳಬಹುದೇ ಎಂದು ತಿಂಗಳು ಶುರುವಾಗುವ ಮೊದಲೇ ವೈದ್ಯರಲ್ಲಿ ಕೇಳಿ. ಬಾಯಿ, ಅನ್ನನಾಳದ ಸೋಂಕಿನಿಂದ ನರಳುವವರಿಗೆ, ಸಿಡಿ4 ತೀರಾ ಇಳಿದವರಿಗೆ ರಿಯಾಯಿತಿಯಿದೆ. ರೋಗಿಗೆ ಅಲ್ಲಾಹನೇ ಕೊಟ್ಟ ವಿನಾಯಿತಿಯನ್ನು ನಾವು ಕಸಿದುಕೊಳ್ಳುವುದು ಬೇಡ.

ನಾವು ಮಾಡಬೇಕಾದುದು

ರೋಗಿ ಮನೆಗೆ ಬಂದ ಕೂಡಲೇ ನಾವು ಕೇಳುವ ಮೊದಲ ಪ್ರಶ್ನೆ, "ಎಲ್ಲಿಂದ ಬಂತು?" ಈ ಪ್ರಶ್ನೆಯಿಂದ ಇದುವರೆಗೆ ಯಾರ ರೋಗವೂ ಗುಣವಾಗಿಲ್ಲ. ಎಷ್ಟೋ ಸಹೋದರಿಯರು ತಮ್ಮ ಯಾವ ತಪ್ಪೂ ಇಲ್ಲದೆ ಈ ಸೋಂಕನ್ನು ಹೊತ್ತವರು. ತಪ್ಪು ಮಾಡಿದವರಿದ್ದರೆ ಅದು ಅವರ ಮತ್ತು ಅವರ ಪ್ರಭುವಿನ ನಡುವಿನ ವಿಚಾರ. ರೋಗಿಯನ್ನು ಸಂದರ್ಶಿಸುವುದು, ಸಹೋದರನ ಕೊರತೆಯನ್ನು ಮುಚ್ಚಿಡುವುದು, ಔಷಧಿ ಮಾಡಿಸುವುದು ಪ್ರವಾದಿ(ಸ)ರು ಕಲಿಸಿದ ದಾರಿ. ಒಂದೇ ತಟ್ಟೆಯಲ್ಲಿ ಉಣ್ಣುವುದರಿಂದ, ಅಪ್ಪಿಕೊಳ್ಳುವುದರಿಂದ, ಒಂದೇ ನಳ್ಳಿಯಲ್ಲಿ ವುಝೂ ಮಾಡುವುದರಿಂದ ಎಚ್‌ಐವಿ ಹರಡುವುದಿಲ್ಲ.

ಕಾನೂನೂ ಸೋಂಕಿತರ ಪರವಾಗಿದೆ. 2017ರಲ್ಲಿ ಅಂಗೀಕಾರವಾಗಿ 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ. ಫಲಿತಾಂಶವನ್ನು ಬೇರೆಯವರಿಗೆ ಬಿಟ್ಟುಕೊಡುವಂತಿಲ್ಲ. ಚಿಕಿತ್ಸೆ ನಿರಾಕರಿಸುವಂತಿಲ್ಲ. ಸೋಂಕಿತರನ್ನು ವಾಸದ ಮನೆಯಿಂದ ಹೊರಹಾಕುವಂತಿಲ್ಲ. ಮಾಹಿತಿ ಬೇಕಿದ್ದವರು 1097 ಎಂಬ ಉಚಿತ ಸಹಾಯವಾಣಿಗೆ ಕರೆ ಮಾಡಬಹುದು. ಹೆಸರು ಹೇಳಬೇಕಾಗಿಲ್ಲ.

ಆ ಸೊಸೆಯ ವಿಷಯಕ್ಕೆ ಬರುತ್ತೇನೆ. ಅತ್ತೆ ಒಳಗೆ ಬಂದು "ಏನು ಡಾಕ್ಟ್ರೇ?" ಎಂದಾಗ "ಅನ್ನನಾಳಕ್ಕೆ ಬೂಷ್ಟು ಹಿಡಿದಿದೆ, ಔಷಧಿಯಿದೆ, ಗುಣವಾಗುತ್ತದೆ" ಎಂದಷ್ಟೇ ಹೇಳಿದೆ. ಅದು ಸುಳ್ಳಾಗಿರಲಿಲ್ಲ. ಉಳಿದುದನ್ನು ಹೇಳುವ ಹಕ್ಕು ಆಕೆಯದು. ಮರುವಾರವೇ ಆಕೆ ಎ.ಆರ್.ಟಿ. ಕೇಂದ್ರಕ್ಕೆ ಹೋದಳು. ಅಲ್ಲಿ ಯಾರೂ ಬೈಯಲಿಲ್ಲ. ರಕ್ತದಲ್ಲಿ ಕ್ರಿಪ್ಟೊಕಾಕಸ್ ಇರಲಿಲ್ಲ, ಅಲ್‌ಹಮ್ದುಲಿಲ್ಲಾಹ್. ಮಾತ್ರೆ ಮತ್ತೆ ಶುರುವಾಯಿತು. ತಿಂಗಳುಗಳ ಬಳಿಕ ಒಂದು ರಾತ್ರಿ ಆಕೆಯೇ ಅತ್ತೆಯೊಡನೆ ಎಲ್ಲವನ್ನೂ ಹೇಳಿದಳಂತೆ. ಅತ್ತೆ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ನನ್ನಲ್ಲಿಗೆ ಬಂದು ಕುಳಿತರು.

"ಮಗನಿಂದಲೇ ಅವಳಿಗೆ ಬಂದದ್ದಂತೆ ಡಾಕ್ಟ್ರೇ. ಇಷ್ಟು ವರ್ಷ ಅವಳು ನನ್ನೆದುರು ಅವನ ಹೆಸರು ಕೆಡಿಸಲಿಲ್ಲ. ನಾನು ಅವಳ ಬಾಯಿಗೆ ಮೆಂತೆ ನೀರು ಹೊಯ್ಯುತ್ತಿದ್ದೆ." ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಆ ಮಾತ್ರೆ ರಾತ್ರಿ ಎಷ್ಟು ಗಂಟೆಗೆ ಕೊಡಬೇಕು?"

ಪ್ರಿಯ ಸಹೋದರಿಯರೇ, ನಮ್ಮ ಮನೆಗಳಲ್ಲಿ ಕೇಳಬೇಕಾದ ಪ್ರಶ್ನೆ ಇದು. ರೋಗಿಗಳಿಗೆ ಅಲ್ಲಾಹನು ಗುಣವನ್ನೂ, ಅವರ ಜೊತೆಗಿರುವ ನಮಗೆ ಮೃದು ಹೃದಯವನ್ನೂ ಅನುಗ್ರಹಿಸಲಿ. ಆಮೀನ್.